ಕುಹ್ಮೊ ಸಂಗೀತೋತ್ಸವಕ್ಕೆ ವಾದ್ಯ ಹೊತ್ತು ಹೋಗುವವರಿಗೆ

ಕುಹ್ಮೊ ಇರುವುದು ಫಿನ್ಲೆಂಡಿನ ಪೂರ್ವ ಭಾಗದಲ್ಲಿ, ರಷ್ಯಾ ಗಡಿಯ ಹತ್ತಿರ. ಹತ್ತು ಸಾವಿರ ಜನವೂ ಇಲ್ಲದ ಊರು. ಚೆಲ್ಲೊ (ಕೂತು ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ವಾದಕ ಸೆಪ್ಪೊ ಕಿಮಾನೆನ್ 1970ರಲ್ಲಿ ಇಲ್ಲಿ ಶುರು ಮಾಡಿದ ಚೇಂಬರ್ ಸಂಗೀತೋತ್ಸವ, ಅಂದರೆ ಕೆಲವೇ ವಾದಕರ ಚಿಕ್ಕ ಗುಂಪುಗಳ ಸಂಗೀತೋತ್ಸವ, ಜುಲೈನಲ್ಲಿ ಎರಡು ವಾರ ನಡೆಯುತ್ತದೆ. ಜೊತೆಗೆ ವಾದಕರಿಗೆ ಸಂಗೀತ ಶಿಬಿರವೂ ಇರುತ್ತದೆ. ಊರು ಚಿಕ್ಕದಾದ್ದರಿಂದ ಕೋಣೆಗಳು ಬೇಗ ತುಂಬುತ್ತವೆ. ಮೊದಲು ಕೋಣೆ ಹಿಡಿಯಿರಿ, ಆಮೇಲೆ ಟಿಕೆಟ್.

ಫಿನ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕು. ಅದು ವಾದ್ಯಕ್ಕೆ ಅನ್ವಯಿಸುವುದಿಲ್ಲ, ವಾದ್ಯದ ವಿಮೆ ಬೇರೆಯೇ ಮಾಡಿಸಬೇಕು.

ನಿಜವಾದ ತಲೆನೋವು ವಿಮಾನದಲ್ಲಿ. ಪಿಟೀಲಿನ ಪೆಟ್ಟಿಗೆ ಸುಮಾರು 80 ಸೆಂ.ಮೀ. ಉದ್ದ, ಕೈಸಾಮಾನಿನ ಮಿತಿ ಹೆಚ್ಚಿನ ವಿಮಾನ ಕಂಪನಿಗಳಲ್ಲಿ 55ರ ಆಸುಪಾಸು. ಪಿಟೀಲಿಗೆ ವಿನಾಯಿತಿ ಇದ್ದರೂ ಗೇಟಿನಲ್ಲಿ ನಿಂತವರಿಗೆ ಅದು ಗೊತ್ತಿರುತ್ತದೆಂದು ನಂಬಬೇಡಿ. ಕಂಪನಿಯ ಒಪ್ಪಿಗೆಯ ಇಮೇಲ್ ಮುದ್ರಿಸಿ ಪೆಟ್ಟಿಗೆಯಲ್ಲೇ ಇಡಿ. ಚೆಲ್ಲೊಗೆ ಒಂದು ಸೀಟೇ ಕೊಳ್ಳಬೇಕು, ಸಾಮಾನ್ಯವಾಗಿ ಫೋನ್ ಮಾಡಿಯೇ. ದಾರಿಯಲ್ಲಿ ಕಂಪನಿ ಬದಲಾದರೆ ಪ್ರತಿಯೊಂದರ ಒಪ್ಪಿಗೆಯೂ ಬೇಕು. ಎಡವಟ್ಟಾಗುವುದು ಬಹಳ ಸಲ ಇಲ್ಲೇ. ಹೆಲ್ಸಿಂಕಿಯಿಂದ ಕುಹ್ಮೊ ದಾರಿಯ ಕಜಾನಿ ಪಟ್ಟಣಕ್ಕೆ ಹಾರುವುದು ಚಿಕ್ಕ ವಿಮಾನ, ಹಾಗಾಗಿ ಚೆಲ್ಲೊ ಇದ್ದವರಿಗೆ ರೈಲೇ ವಾಸಿ. ಆರೇಳು ಗಂಟೆಯ ದಾರಿ. ಕಜಾನಿಯಿಂದ ಮುಂದೆ ಸುಮಾರು ನೂರು ಕಿ.ಮೀ. ಬಸ್ಸು. ವಾರಾಂತ್ಯದಲ್ಲಿ ಬಸ್ಸು ಕಡಿಮೆ, ರೈಲಿನ ಟಿಕೆಟ್ ಕೊಳ್ಳುವ ಮುನ್ನವೇ ಬಸ್ಸಿನ ವೇಳೆ ನೋಡಿ.

ವಿಮಾನದೊಳಗಿನ ಗಾಳಿ ತೀರಾ ಒಣ. ಬೆಂಗಳೂರಿನ ಮಳೆಗಾಲದಲ್ಲಿ ತೇವ ಕುಡಿದ, ತಂತಿ ಬಿಗಿಯುವ ಬಿರಡೆಗಳು ಅಲ್ಲಿ ಕುಗ್ಗಿ ಜಾರುತ್ತವೆ. ತಂತಿಗಳನ್ನು ಅರ್ಧ ಸ್ವರದಷ್ಟು ಇಳಿಸಿದರೆ ಸಾಕು. ಪೂರ್ತಿ ಸಡಿಲಿಸಿದರೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ (ಬ್ರಿಡ್ಜ್) ಬೀಳುತ್ತದೆ, ಅದರ ಹಿಂದೆಯೇ ಒಳಗೆ ಆನಿಸಿಟ್ಟ ಸೌಂಡ್‌ಪೋಸ್ಟ್ ಎಂಬ ಪುಟ್ಟ ಕಡ್ಡಿ ಕೂಡ. ಅದನ್ನು ಮತ್ತೆ ನಿಲ್ಲಿಸುವ ಕುಶಲಕರ್ಮಿಗಾಗಿ ಅಂಥ ಊರಲ್ಲಿ ಹುಡುಕಾಡುವಂತಾಗಬಾರದು. ಕಮಾನಿನ ಕೂದಲು ಮಾತ್ರ ಪೂರ್ತಿ ಸಡಿಲಿಸಿ. ಒಂದು ಪೂರ್ಣ ತಂತಿ ಸೆಟ್, ಮೇಲೆ ಎರಡು ಇ ತಂತಿ (ಪಿಟೀಲಿನ ಅತಿ ತೆಳು ತಂತಿ), ಚೆಲ್ಲೊ ಮೊನೆ ಜಾರದಂತೆ ನೆಲಕ್ಕಿಡುವ ಪಟ್ಟಿ ಜೊತೆಗಿರಲಿ. ತುದಿಯಲ್ಲಿ ಆನೆದಂತದ ತಗಡಿರುವ ಹಳೆಯ ಕಮಾನನ್ನು ಮನೆಯಲ್ಲೇ ಬಿಡಿ. ಅದರ ಕಾಗದಪತ್ರಕ್ಕೆ ಅಲೆಯುವುದಕ್ಕಿಂತ ಕಾರ್ಬನ್ ಫೈಬರ್ ಕಮಾನು ಎಷ್ಟೋ ಮೇಲು.

ಒಂದೇ ಪಿಟೀಲಿನಲ್ಲಿ ಕರ್ನಾಟಕ ಸಂಗೀತವನ್ನೂ ನುಡಿಸುವವರು ಹೊರಡುವ ವಾರಕ್ಕೆ ಮೊದಲೇ ಸ-ಪ-ಸ-ಪ ಬಿಟ್ಟು ಪಾಶ್ಚಾತ್ಯರ ಜಿ-ಡಿ-ಎ-ಇ ಶ್ರುತಿಗೆ ಏರಿಸಿಟ್ಟುಕೊಳ್ಳಿ, ತಂತಿ ನಿಲ್ಲಲು ದಿನಗಳು ಬೇಕು. ಯುರೋಪಿನಲ್ಲಿ ಎ ಸ್ವರ 440 ಹರ್ಟ್ಜ್‌ಗಿಂತ ಕೊಂಚ ಮೇಲೆ, ಹೆಚ್ಚಾಗಿ 442.

ನಿಮ್ಮ ಭಾಗವನ್ನಷ್ಟೇ ಕಲಿತು ಹೋದರೆ ಸಾಲದು, ಎಲ್ಲರ ಭಾಗಗಳೂ ಇರುವ ಪೂರ್ಣ ಸ್ಕೋರ್ ಓದಿರಿ. ತಾಲೀಮು ಕೆಲವೇ ಗಂಟೆ. ಪಕ್ಕದವರು ಎಲ್ಲಿ ಉಸಿರೆಳೆಯುತ್ತಾರೆ ಎಂಬುದು ಆಗ ಕಲಿಯುವ ಪಾಠವಲ್ಲ. ಗುಂಪಿನವರೆಲ್ಲ ಒಂದೇ ಮುದ್ರಣ ಇಟ್ಟುಕೊಳ್ಳುವುದು ಇನ್ನೂ ಮುಖ್ಯ. ಇಂಟರ್‌ನೆಟ್ಟಿನ ಪುಕ್ಕಟೆ ಹಳೆಯ ಪ್ರತಿಗಳಲ್ಲಿ ಎಷ್ಟೋ ಸಲ ಬಾರ್ (ತಾಳದ ಖಂಡ) ಸಂಖ್ಯೆ ಇರುವುದಿಲ್ಲ. ಒಬ್ಬರು ‘87ರಿಂದ’ ಎಂದರೆ ಉಳಿದವರು ಬೆರಳಿಟ್ಟು ಎಣಿಸುತ್ತ ಕೂರಬೇಕು. ಟ್ಯಾಬ್ಲೆಟ್ಟಿನಲ್ಲಿ ಓದುವವರೂ ಕಾಗದದ ಪ್ರತಿ ಒಯ್ಯಿರಿ. ಪುಟ ತಿರುಗಿಸುವ ಪೆಡಲ್ ಕೈಕೊಡುವುದು ವೇದಿಕೆಯ ಮೇಲೇ.

ಕಛೇರಿಗಳು ರಾತ್ರಿ ತಡವಾಗುವವರೆಗೂ ಇರುತ್ತವೆ. 1993ರಲ್ಲಿ ತೆರೆದ ಕುಹ್ಮೊ ಕಲಾಕೇಂದ್ರದ ಜೊತೆಗೆ ಶಾಲೆ, ಚರ್ಚ್‌ಗಳಲ್ಲೂ ಕೇಳಬಹುದು. ಒಂದು ಕೃತಿಯ ಭಾಗಗಳ (ಮೂವ್‌ಮೆಂಟ್) ನಡುವೆ ಚಪ್ಪಾಳೆ ಇಲ್ಲ. ನಮ್ಮ ಕಛೇರಿಯ ‘ಭೇಷ್’ ಕೂಡ ಮನಸ್ಸಿನಲ್ಲೇ. ಜುಲೈನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಕಣ್ಣುಪಟ್ಟಿ ಇಲ್ಲದೆ ನಿದ್ದೆ ಕಷ್ಟ. ಸೊಳ್ಳೆಯೂ ಉಂಟು. ಸಸ್ಯಾಹಾರಿಗಳು ‘ಕಸ್ವಿಸ್’ (ತರಕಾರಿ) ಎಂಬ ಫಿನ್ನಿಷ್ ಪದ ನೆನಪಿಡಿ.

ದುಬಾರಿ ವಾದ್ಯವಾದರೆ ಹೊರಡುವಾಗಲೇ ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಪಿಟೀಲಿಗೆ ಸೀರಿಯಲ್ ನಂಬರ್ ಇರುವುದು ಅಪರೂಪ, ಆದ್ದರಿಂದ ಒಳಗಿನ ಚೀಟಿ, ತಲೆಯ ಸುರುಳಿ, ಹಿಂಬದಿಯ ಫೋಟೋಗಳೂ ಖರೀದಿ ರಸೀದಿಯೂ ಕೈಯಲ್ಲಿರಲಿ. ವಾಪಸು ಬಂದಾಗ ‘ಇದು ಅಲ್ಲಿ ಕೊಂಡದ್ದೇ?’ ಎಂಬ ಪ್ರಶ್ನೆ ಬಂದರೆ ಆ ಕಾಗದವನ್ನೇ ಮುಂದಿಡಿ.