ಫಾರಂ ಕೋಳಿ ತಿಂದೇ ಹುಡುಗಿಯರು ಬೇಗ ದೊಡ್ಡವರಾಗ್ತಾರಾ?

ಜೀವಶಾಸ್ತ್ರ ಪಾಠ ಮಾಡುವವಳು ಅಂತ ಗೊತ್ತಾದರೆ ಸಾಕು, ಮದುವೆ ಮನೆಯಾಗಲಿ ಬಸ್ಸಾಗಲಿ, ಈ ಪ್ರಶ್ನೆ ಬಂದೇ ಬರುತ್ತದೆ. ಮೊನ್ನೆ ನೆಂಟರ ಹುಡುಗಿ ಮೈನೆರೆದಳೆಂದು ಆರತಿ ಇಟ್ಟುಕೊಂಡಿದ್ದರು. ಚಿಕ್ಕಮ್ಮ ನನ್ನ ಕೈಗೊಂದು ಚಿಗಳಿ ಉಂಡೆ ಇಟ್ಟು ಅದನ್ನೇ ಕೇಳಿದರು: "ನಾವೆಲ್ಲ ಹದಿನಾಲ್ಕು, ಹದಿನೈದಕ್ಕೆ ಆದೋರು. ಇವಳಿಗಿನ್ನೂ ಹನ್ನೊಂದು ಕಣೇ. ಹಾರ್ಮೋನ್ ಚುಚ್ಚಿದ ಆ ಫಾರಂ ಕೋಳಿ ತಿಂದೇ ಅಲ್ವಾ?"

ಅಲ್ಲ. ಫಾರಂ ಕೋಳಿ ಆರು ವಾರಕ್ಕೆ ಎರಡು ಕೆಜಿ ದಾಟುವುದು ತಳಿಯಿಂದ, ಮೇವಿನಿಂದ. ಬೇಗ ಬೆಳೆಯುವ ಕೋಳಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದಾರೆ. ಬೆಳವಣಿಗೆಯ ಹಾರ್ಮೋನ್ ಅನ್ನುವುದು ಪ್ರೋಟೀನು. ಮೇವಿಗೆ ಬೆರೆಸಿದರೆ ಕೋಳಿಯ ಹೊಟ್ಟೆಯಲ್ಲೇ ಕರಗಿಹೋಗುತ್ತದೆ. ಚುಚ್ಚೋಣ ಅಂದರೆ ಶೆಡ್ಡಿನಲ್ಲಿರುವ ಐದು ಸಾವಿರ ಕೋಳಿಗೆ ದಿನಾ ಚುಚ್ಚುವ ಆಳಿನ ಕೂಲಿ ಕೊಡುವವರು ಯಾರು? ಅಲ್ಲಿ ಹಾಕುವುದು ಲಸಿಕೆ. ಆಂಟಿಬಯೋಟಿಕ್ ಬಗ್ಗೆ ಬೈಯಿರಿ, ನಾನೂ ದನಿಗೂಡಿಸುತ್ತೇನೆ, ಆದರೆ ಅದು ಬೇರೆ ಜಗಳ.

ಅಸಲಿಗೆ ಹೊರಗಿನಿಂದ ಹಾರ್ಮೋನ್ ಬರಬೇಕಾಗೇ ಇಲ್ಲ. ಸರಂಜಾಮೆಲ್ಲ ಹುಟ್ಟುವ ಮೊದಲೇ ಒಳಗಿರುತ್ತದೆ. ಆರು ವಾರದ ಭ್ರೂಣದಲ್ಲಿ ಗಂಡಿನ ಕೊಳವೆ, ಹೆಣ್ಣಿನ ಕೊಳವೆ ಎರಡಕ್ಕೂ ತಯಾರಿ ನಡೆದಿರುತ್ತದೆ. ವೈ ಕ್ರೋಮೋಸೋಮಿನ ಒಂದು ಜೀನ್ ವೃಷಣ ಕಟ್ಟಿಸಿದರೆ ಅಲ್ಲಿಂದ ಎರಡು ಹಾರ್ಮೋನ್ ಬರುತ್ತವೆ. ಟೆಸ್ಟೋಸ್ಟೆರಾನ್ ಗಂಡಿನ ಕೊಳವೆಯನ್ನು ಉಳಿಸುತ್ತದೆ, ಎಎಂಎಚ್ ಎನ್ನುವುದು ಗರ್ಭಕೋಶವಾಗಬೇಕಿದ್ದ ಕೊಳವೆಯನ್ನು ಕರಗಿಸುತ್ತದೆ. ಇವೆರಡೂ ಬರದಿದ್ದರೆ ಗರ್ಭಕೋಶ ಬೆಳೆಯುತ್ತದೆ.

ಹುಟ್ಟಿದ ಮೇಲಿನ ಕಥೆ ನನಗೆ ಇನ್ನೂ ಇಷ್ಟ. ನನ್ನ ತಂಗಿಯ ಗಂಡುಮಗು ವಾರದ ಕೂಸಾಗಿದ್ದಾಗ ಅದರ ಎದೆ ಎರಡೂ ಕಡೆ ಊದಿ ಗಟ್ಟಿಯಾಗಿತ್ತು, ಒಂದು ಹನಿ ಹಾಲಿನಂಥದ್ದು ಕೂಡ ಒಸರಿತ್ತು. ಎಣ್ಣೆ ನೀರು ಹಾಕಲು ಬಂದಿದ್ದ ಅಜ್ಜಿ "ಹಿಂಡಿ ತೆಗೀಬೇಕು" ಅಂತ ಕೈ ಹಾಕಿದರು. ನಾನು ಅವರ ಕೈ ಹಿಡಿದುಕೊಂಡೆ, ಸಿಟ್ಟೂ ಮಾಡಿಸಿಕೊಂಡೆ. ಹಿಂಡಿದರೆ ಕೀವಾಗುತ್ತದೆ, ಸುಮ್ನೆ ಬಿಟ್ಟರೆ ತಾನಾಗೇ ಇಳಿಯುತ್ತದೆ. ಬಸಿರಲ್ಲಿ ಮಗುವಿಗೆ ಸಿಕ್ಕಿದ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್‌ನ ಪರಿಣಾಮ ಅದು. ಕೆಲವು ಹೆಣ್ಣುಕೂಸುಗಳಿಗೆ ಮೊದಲ ವಾರದಲ್ಲಿ ಒಂದೆರಡು ತೊಟ್ಟು ರಕ್ತವೂ ಹೋಗುತ್ತದೆ. ಅದಾದ ಮೇಲೆ ಮಗುವಿನದೇ ಹಾರ್ಮೋನ್‌ಗಳು ಕೆಲವು ತಿಂಗಳು ಮೇಲೇರುತ್ತವೆ. ಡಾಕ್ಟರರು ಇದನ್ನು ಮಿನಿ ಪ್ಯೂಬರ್ಟಿ ಅನ್ನುತ್ತಾರೆ. ತೊಟ್ಟಿಲ ಕೂಸಿಗೇ ಒಂದು ಸುತ್ತು ತಾಲೀಮು! ಆಮೇಲೆ ಮಿದುಳು ಬ್ರೇಕ್ ಹಾಕುತ್ತದೆ, ವರ್ಷಗಟ್ಟಲೆ ಎಲ್ಲ ತಣ್ಣಗೆ.

ಆ ಬ್ರೇಕ್ ಇರುವುದು ಮಿದುಳಿನ ಬುಡದ ಹೈಪೊಥಾಲಮಸ್‌ನಲ್ಲಿ. ಬ್ರೇಕ್ ಸಡಿಲವಾದಾಗ ಅಲ್ಲಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನ್ ಬಿಟ್ಟು ಬಿಟ್ಟು, ಮೊದಮೊದಲು ರಾತ್ರಿ ನಿದ್ದೆಯಲ್ಲಿ ಜಾಸ್ತಿ, ಹೊರಡುತ್ತದೆ. ಅದು ಮಿದುಳಿನ ಕೆಳಗೇ ಇರುವ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನೋ ವೃಷಣವನ್ನೋ ಎಬ್ಬಿಸುತ್ತದೆ. ಈ 'ಬಿಟ್ಟು ಬಿಟ್ಟು' ಅನ್ನುವುದರಲ್ಲೇ ಗುಟ್ಟಿರುವುದು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಅರ್ನ್ಸ್ಟ್ ನೋಬಿಲ್ ತಂಡದವರು ಕೋತಿಗಳಿಗೆ ಇದನ್ನು ಗಂಟೆಗೊಮ್ಮೆ ಕೊಟ್ಟಾಗ ಪಿಟ್ಯುಟರಿ ಸರಿಯಾಗಿ ಕೆಲಸ ಮಾಡಿತು, ಒಂದೇ ಸಮನೆ ಹರಿಸಿದಾಗ ಕೈಚೆಲ್ಲಿ ಕೂತಿತು. ಇದು 1978ರ ಮಾತು. ಮನೆ ಬೆಲ್ಲೂ ಅಷ್ಟೇ ಅಲ್ವಾ, ಬಿಟ್ಟು ಬಿಟ್ಟು ಒತ್ತಿದರೆ ಎದ್ದು ಹೋಗುತ್ತೇವೆ, ಒತ್ತಿ ಹಿಡಿದೇ ಇದ್ದರೆ ಸ್ವಿಚ್ ಆಫ್ ಮಾಡಿ ಮಲಗುತ್ತೇವೆ. ಐದಾರು ವರ್ಷಕ್ಕೇ ದೊಡ್ಡವರಾಗಲು ಶುರುವಾದ ಮಕ್ಕಳಿಗೆ ಇವತ್ತು ಕೊಡುವ ಚಿಕಿತ್ಸೆ ಇದೇ: ಜಿಎನ್‌ಆರ್‌ಎಚ್‌ನಂಥದ್ದೇ ಔಷಧಿ, ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುವ ಇಂಜೆಕ್ಷನ್. ಹಾರ್ಮೋನ್ ಚುಚ್ಚಿ ಬೇಗ ದೊಡ್ಡವರನ್ನಾಗಿ ಮಾಡುತ್ತಾರೆ ಅಂತ ಚಿಕ್ಕಮ್ಮನ ಭಯ. ಇಲ್ಲಿ ನೋಡಿದರೆ ಚುಚ್ಚಿ ತಡೆಯುತ್ತಾರೆ.

ಹಾಗಾದರೆ ಬ್ರೇಕ್ ಬೇಗ ಯಾಕೆ ಸಡಿಲವಾಗುತ್ತಿದೆ? ಮುಖ್ಯವಾಗಿ ಹೊಟ್ಟೆ ತುಂಬ ಊಟ. ಮೈಯ ಕೊಬ್ಬಿನಿಂದ ಲೆಪ್ಟಿನ್ ಎಂಬ ಹಾರ್ಮೋನ್ ಬರುತ್ತದೆ, ಒಂದು ಬಸಿರು ಹೊರುವಷ್ಟು ದಾಸ್ತಾನು ಮೈಯಲ್ಲಿದೆಯಾ ಅನ್ನುವುದು ಮಿದುಳಿಗೆ ಗೊತ್ತಾಗುವುದು ಅದರಿಂದ. ಯುರೋಪಿನಲ್ಲೂ 19ನೇ ಶತಮಾನದಲ್ಲಿ ಹುಡುಗಿಯರು 16ರ ಸುಮಾರಿಗೆ ಮುಟ್ಟಾಗುತ್ತಿದ್ದರು, 20ನೇ ಶತಮಾನದ ನಡುವಿಗೆ ಅದು 13ಕ್ಕಿಳಿಯಿತು. ಆಗ ಫಾರಂ ಕೋಳಿ ಎಲ್ಲಿತ್ತು? ತಾಯಿಯ ವಂಶವೂ ಸೇರುತ್ತದೆ. ಈಗ ಅದರ ಮೇಲೆ ಓಡಾಟವಿಲ್ಲದ ಬದುಕು, ಬೇಕರಿ ತಿಂಡಿ, ಮಕ್ಕಳ ಬೊಜ್ಜು. ಕೊರೊನಾ ಲಾಕ್‌ಡೌನಿನಲ್ಲಿ ತೀರಾ ಬೇಗ ದೊಡ್ಡವರಾಗುತ್ತಿರುವ ಹುಡುಗಿಯರು ಜಾಸ್ತಿ ಬಂದರೆಂದು ಇಟಲಿಯ ವೈದ್ಯರೂ ನಮ್ಮ ದೇಶದ ವೈದ್ಯರೂ ಬರೆದಿದ್ದಾರೆ.

ಹನ್ನೊಂದಕ್ಕೆ ಮುಟ್ಟಾದರೆ ಗಾಬರಿ ಬೇಡ. ಎದೆ ಮೊಳೆತು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಬರುವುದು ಸಾಮಾನ್ಯ. ಎಂಟು ತುಂಬುವ ಮೊದಲೇ ಎದೆ ಮೊಳೆತರೆ, ಹುಡುಗರಲ್ಲಿ ಒಂಬತ್ತರ ಮೊದಲೇ ಬದಲಾವಣೆ ಕಂಡರೆ, ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಹದಿನೈದಾದರೂ ಮುಟ್ಟಾಗದಿದ್ದರೂ ಹೋಗಿ.

ಇಷ್ಟೆಲ್ಲ ಕೇಳುತ್ತ ಚಿಕ್ಕಮ್ಮ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. "ನಂಗ್ಯಾಕೆ ಹಿಂಗೆ ಮೈಯೆಲ್ಲ ಕಾಯುತ್ತೆ ಹಾಗಾದ್ರೆ?" ನಲವತ್ತೆಂಟು ಅವರಿಗೆ, ಮುಟ್ಟು ನಿಲ್ಲುವ ವಯಸ್ಸು. ತಾಯಿಯ ಹೊಟ್ಟೆಯಲ್ಲಿದ್ದಾಗ 60–70 ಲಕ್ಷವಿದ್ದ ಅಂಡಗಳು ಹುಟ್ಟುವ ಹೊತ್ತಿಗೇ 10–20 ಲಕ್ಷಕ್ಕಿಳಿದು, ಈಗ ಹೆಚ್ಚುಕಮ್ಮಿ ಖಾಲಿ. ಅಂಡಾಶಯ ಈಸ್ಟ್ರೋಜನ್ ಕೊಡುವುದು ಕಡಿಮೆ ಮಾಡಿದೆ, ಅದಕ್ಕೇ ಈ ಸೆಖೆ. ಪಿಟ್ಯುಟರಿ ಮಾತ್ರ ಉತ್ತರ ಬರದ ಮನೆ ಮುಂದೆ ನಿಂತವರ ಹಾಗೆ ಇನ್ನೂ ಜೋರಾಗಿ ಕೂಗುತ್ತಿದೆ, ಅಂಡ ಬೆಳೆಸಲು ಅದು ಕಳಿಸುವ ಹಾರ್ಮೋನ್ ಎಫ್‌ಎಸ್‌ಎಚ್ ಏರುತ್ತಲೇ ಇದೆ. ಅದು ಮೂತ್ರದಲ್ಲೂ ಹೋಗುತ್ತದೆ. ಇಟಲಿಯಲ್ಲಿ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರ ಮೂತ್ರ ಸಂಗ್ರಹಿಸಿ, ಅದರಿಂದಲೇ ಮಕ್ಕಳಾಗದವರಿಗೆ ಔಷಧಿ ಮಾಡಿದರು. ಅದರಿಂದ ಮೊದಲ ಮಗು ಹುಟ್ಟಿದ್ದು 1962ರಲ್ಲಿ, ಇಸ್ರೇಲಿನಲ್ಲಿ.

"ಥೂ, ತಿನ್ನೋ ಹೊತ್ತಲ್ಲಿ" ಅಂದರು ಚಿಕ್ಕಮ್ಮ. ಅಂದು, ಹುಡುಗಿಯ ತಟ್ಟೆಗೆ ಇನ್ನೊಂದು ಚಿಗಳಿ ಹಾಕಿದರು.