ಬೆಳ್ಳಿಯೊಳಗಿನ ಸೀಸ

ಹಳೆಯ ನಾಣ್ಯ ಕಂಡರೆ ನಾವೆಲ್ಲ ಮೊದಲು ಹುಡುಕುವುದು ರಾಜನ ಹೆಸರನ್ನು, ಲಿಪಿಯನ್ನು. ಆದರೆ ಬೆಳ್ಳಿ ಯಾವ ಗಣಿಯದು ಎಂಬುದನ್ನು ರಾಜಮುದ್ರೆ ಹೇಳುವುದಿಲ್ಲ. ಅದನ್ನು ಹೇಳುವುದು ಬೆಳ್ಳಿಯಲ್ಲಿ ಕಲ್ಮಶವಾಗಿ ಉಳಿದುಬಿಟ್ಟ ಚೂರು ಸೀಸ! ಹಿಂದಿನ ಕಾಲದ ಬೆಳ್ಳಿಯಲ್ಲಿ ಬಹುಪಾಲು ಸೀಸದ ಅದಿರಿನಿಂದಲೇ ಬರುತ್ತಿತ್ತು. ಎಷ್ಟು ಶುದ್ಧ ಮಾಡಿದರೂ ಸೀಸ ಪೂರ್ತಿ ಹೋಗುತ್ತಿರಲಿಲ್ಲ. ಯುರೇನಿಯಂ ಮತ್ತು ಥೋರಿಯಂ ಕ್ಷಯಿಸಿ ಸೀಸ-206, 207, 208 ಎಂಬ ಐಸೋಟೋಪುಗಳು, ಅಂದರೆ ತೂಕದಲ್ಲಷ್ಟೇ ಬೇರೆಯಾದ ಸೀಸದ ಪರಮಾಣುಗಳು, ಆಗುತ್ತವೆ. ಹಾಗಾಗಿ ಈ ಐಸೋಟೋಪುಗಳ ಅನುಪಾತ ಅದಿರು ಹುಟ್ಟಿದ ಕಾಲ ಮತ್ತು ಜಾಗದ ಮೇಲೆ ನಿಂತಿದೆ. ಕುಲುಮೆಯ ಬೆಂಕಿಗೂ ಅದನ್ನು ಅಳಿಸಲಾಗದು.

2024ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಮತ್ತೆ ಓದುತ್ತಿದ್ದೇನೆ. ಇಂಗ್ಲೆಂಡ್ ಮತ್ತು ಅದರ ನೆರೆಯ ಪ್ರದೇಶಗಳಲ್ಲಿ ಸುಮಾರು ಕ್ರಿ.ಶ. 660ರಿಂದ 750ರವರೆಗೆ ಟಂಕಿಸಿದ ನಾಣ್ಯಗಳ ಬೆಳ್ಳಿ ಬೈಜಾಂಟೈನ್ ಸಾಮ್ರಾಜ್ಯದ (ಪೂರ್ವ ರೋಮನ್ ಸಾಮ್ರಾಜ್ಯದ) ಬೆಳ್ಳಿಗೆ ತಾಳೆಯಾಗುತ್ತದೆ. ಸಿರಿವಂತರ ತಟ್ಟೆ, ಪಾತ್ರೆಗಳನ್ನು ಕರಗಿಸಿರಬೇಕು ಎಂಬುದು ಸಂಶೋಧಕರ ತರ್ಕ. ಆಮೇಲಿನ ನಾಣ್ಯಗಳಲ್ಲಿ ಫ್ರಾನ್ಸಿನ ಮೆಲ್ ಗಣಿಯ ಬೆಳ್ಳಿ ಕಾಣಿಸುತ್ತದೆ. ದೂರದ ಯಾವುದೋ ಅರಮನೆಯ ಔತಣದ ತಟ್ಟೆ ಸಂತೆಯ ಚಿಲ್ಲರೆಯಾಯಿತಲ್ಲ ಎಂದು ನಗು ಬಂತು.

ಆದರೆ ಎರಡು ಗಣಿಗಳ ಲೋಹ ಬೆರೆತರೆ ಸೀಸದ ಈ ಗುರುತೂ ಕಲಸಿಹೋಗುತ್ತದೆ. ಹಳೆಯ ನಾಣ್ಯಗಳನ್ನು ಕರಗಿಸಿ ಹೊಸದು ಮಾಡುವುದು ಅನೇಕ ರಾಜರ ಚಾಳಿ ಬೇರೆ. ಇನ್ನು, ಯಾವ ಲೋಹ ಎಷ್ಟಿದೆ ಎಂದು ಅಳೆಯಲು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರಕ್ಕೆ ಕಾಣುವುದು ಮೇಲ್ಪದರ ಮಾತ್ರ. ತಾಮ್ರ ಬೆರೆಸಿದ ನಾಣ್ಯದ ಹೊರಮೈಯಲ್ಲಿ ಒಳಗಿಗಿಂತ ಬೆಳ್ಳಿ ಹೆಚ್ಚಿರುವುದು ಸಾಮಾನ್ಯ. ಆದ್ದರಿಂದ ‘ಯಂತ್ರವೇ ಹೇಳಿತು, ಅಪ್ಪಟ ಬೆಳ್ಳಿ’ ಎನ್ನುವವರನ್ನು ನಾನು ನಂಬುವುದಿಲ್ಲ.