ಅಪುವಿನ ಬಾಯಿ ಮುಚ್ಚಿಸಿದ ಮೇಲೆ

1968ರಲ್ಲಿ ತೆರೆಕಂಡ ಎರಡು ಹಾಸ್ಯಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಹಾಲಿವುಡ್‌ನ ‘ದಿ ಪಾರ್ಟಿ’ಯಲ್ಲಿ ಇಂಗ್ಲೆಂಡಿನ ನಟ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು, ತಪ್ಪಿ ಆಹ್ವಾನ ಹೋದ ಕಾರಣಕ್ಕೆ ದೊಡ್ಡವರ ಔತಣಕ್ಕೆ ಬಂದು ಮನೆಯನ್ನೆಲ್ಲ ಅಲ್ಲೋಲಕಲ್ಲೋಲ ಮಾಡುವ ಭಾರತೀಯ ನಟನ ಪಾತ್ರ ಮಾಡಿದ. ಅದೇ ವರ್ಷ ಮುಂಬೈನಲ್ಲಿ ತಯಾರಾದ ‘ಪಡೋಸನ್’ನಲ್ಲಿ ಮೆಹಮೂದ್ ಜುಟ್ಟು ಬಿಟ್ಟು, ಮಾತಿಗೊಮ್ಮೆ ‘ಅಯ್ಯೋ’ ಎನ್ನುವ ದಕ್ಷಿಣದ ಸಂಗೀತ ಮೇಷ್ಟರಾದರು. ಇಬ್ಬರೂ ಅಸಾಧಾರಣ ನಟರು, ಎರಡೂ ಚಿತ್ರಗಳು ಇವತ್ತಿಗೂ ನಗು ತರಿಸುತ್ತವೆ. ಆದರೆ ಮೊದಲನೆಯದನ್ನು ಜನಾಂಗೀಯ ಅಣಕವೆಂದು ಖಂಡಿಸುವ ಉತ್ತರದ ವಿಮರ್ಶಕರು ಎರಡನೆಯದನ್ನು ನಿರ್ಮಲ ಹಾಸ್ಯದ ಮಾದರಿಯೆಂದು ಹೊಗಳುವುದನ್ನು ನಾನು ಓದಿದ್ದೇನೆ. ವಿಂಧ್ಯದಿಂದ ಈಚೆಗಿನವರೆಲ್ಲರನ್ನೂ ‘ಮದ್ರಾಸಿ’ ಎಂಬ ಒಂದೇ ಮೂಟೆಗೆ ತುಂಬುವ ಹಿಂದಿ ಸಿನಿಮಾದ ಈ ಅಭ್ಯಾಸ ನಮಗೆ ಮುಜುಗರ ತರುತ್ತದೆ, ಅವರಿಗೆ ತರುವುದಿಲ್ಲ. ಹಾಸ್ಯದಲ್ಲಿ ಬಣ್ಣ ಮತ್ತು ಜನಾಂಗದ ವಿಷಯ ಬಂದಾಗ ಅಳತೆಗೋಲು ಕೈಯಿಂದ ಕೈಗೆ ಹೇಗೆ ಉದ್ದ ಗಿಡ್ಡವಾಗುತ್ತದೆ ಎಂಬುದು ಈ ಬರಹದ ವಿಷಯ.

ಸೆಲ್ಲರ್ಸ್ ಮಾಡಿದ ಆ ಪಾತ್ರ ಅಲ್ಲಿಗೇ ಮುಗಿಯಲಿಲ್ಲ. ‘ದಿ ಸಿಂಪ್ಸನ್ಸ್’ ಕಾರ್ಟೂನ್ ಧಾರಾವಾಹಿಯಲ್ಲಿ 1990ರಿಂದ ಕಾಣಿಸಿಕೊಂಡ ದಿನಸಿ ಅಂಗಡಿಯ ಅಪು ಎಂಬ ಭಾರತೀಯನಿಗೆ ಕಂಠದಾನ ಮಾಡಿದ ಅಮೆರಿಕದ ಬಿಳಿಯ ನಟ ಹ್ಯಾಂಕ್ ಅಜೇರಿಯಾ, ತಾನು ಆ ದನಿಯನ್ನು ಸೆಲ್ಲರ್ಸ್‌ನ ಪಾತ್ರದಿಂದ ಎತ್ತಿಕೊಂಡೆನೆಂದು ಸ್ವತಃ ಹೇಳಿಕೊಂಡಿದ್ದಾನೆ. ಅಂದರೆ ಅಮೆರಿಕದ ಒಂದು ಪೀಳಿಗೆ ಭಾರತೀಯರ ಇಂಗ್ಲಿಷ್ ಎಂದು ಕೇಳಿಸಿಕೊಂಡದ್ದು, ಭಾರತೀಯರನ್ನು ಅನುಕರಿಸಿದ ಒಬ್ಬ ಇಂಗ್ಲಿಷಿನವನನ್ನು ಅನುಕರಿಸಿದ ಒಬ್ಬ ಅಮೆರಿಕನ್ನನ ದನಿಯನ್ನು. ಅಪು ಕೆಟ್ಟದಾಗಿ ಬರೆದ ಪಾತ್ರವೇನಲ್ಲ. ಅವನಿಗೆ ಡಾಕ್ಟರೇಟ್ ಪದವಿಯಿದೆ, ಎಪ್ಪತ್ತು ಲಕ್ಷ ವಿದ್ಯಾರ್ಥಿಗಳ ತರಗತಿಯಲ್ಲಿ ಮೊದಲಿಗನಾಗಿ ತೇರ್ಗಡೆಯಾದೆನೆಂದು ಹೇಳಿಕೊಳ್ಳುವ ಸೊಗಸಾದ ಜೋಕೊಂದಿದೆ, ಮಂಜುಳಾ ಎಂಬ ಹೆಂಡತಿಯಿದ್ದಾಳೆ, ಒಂದೇ ಹೆರಿಗೆಯಲ್ಲಿ ಹುಟ್ಟಿದ ಎಂಟು ಮಕ್ಕಳಿದ್ದಾರೆ. ಆ ಊರಿನ ಬಹುಪಾಲು ಜನರಿಗಿಂತ ಅವನು ಬುದ್ಧಿವಂತ. ಹೀಗಿದ್ದೂ ನ್ಯೂಯಾರ್ಕಿನಲ್ಲಿ ಹುಟ್ಟಿ ಬೆಳೆದ, ತೆಲುಗು ಮೂಲದ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಅಪುವಿನ ಸಮಸ್ಯೆಯ ಕುರಿತು ಒಂದು ಸಾಕ್ಷ್ಯಚಿತ್ರವನ್ನೇ ಮಾಡಬೇಕಾಯಿತು. ದಕ್ಷಿಣ ಏಷ್ಯಾ ಮೂಲದ ನಟನಟಿಯರು ಅದರಲ್ಲಿ ಒಬ್ಬರಾದ ಮೇಲೊಬ್ಬರು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ಶಾಲೆಯ ಅಂಗಳದಲ್ಲಿ ಆ ದನಿಯಿಂದಲೇ ತಮ್ಮನ್ನು ರೇಗಿಸಿದರು, ದೊಡ್ಡವರಾಗಿ ಆಡಿಷನ್‌ಗೆ ಹೋದಾಗ ಅದೇ ದನಿಯಲ್ಲಿ ಮಾತಾಡೆಂದು ಕೇಳಿದರು.

ಬೆಂಗಳೂರಿನಲ್ಲಿ ಕುಳಿತು ಇದನ್ನೆಲ್ಲ ನೋಡುವವರಿಗೆ ಈ ನೋವು ಅಷ್ಟು ಸುಲಭವಾಗಿ ತಾಗುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಎಂಬ ಬ್ರಿಟಿಷ್ ಧಾರಾವಾಹಿಯನ್ನು ನೆನೆಯಿರಿ. ಇಂಗ್ಲಿಷ್ ಕಲಿಯಲು ಬಂದ ಪರದೇಶದವರ ಸಂಜೆ ತರಗತಿಯ ಕಥೆ ಅದು. 1977ರ ಕೊನೆಗೆ ಶುರುವಾಗಿ, ಜನಪ್ರಿಯವಾಗಿದ್ದರೂ, ಪಾತ್ರಗಳೆಲ್ಲ ಜನಾಂಗೀಯ ಅಚ್ಚಿನಲ್ಲಿ ಎರಕ ಹೊಯ್ದಂತಿವೆ ಎಂಬ ಕಾರಣಕ್ಕೆ ವಾಹಿನಿಯ ಅಧಿಕಾರಿ ಮೈಕೆಲ್ ಗ್ರೇಡ್ ಅದನ್ನು 1979ರಲ್ಲಿ ನಿಲ್ಲಿಸಿದರು. ನಮ್ಮಲ್ಲಿ ಅದರ ತುಣುಕುಗಳನ್ನು ಜನ ಈಗಲೂ ಯೂಟ್ಯೂಬಿನಲ್ಲಿ ಹುಡುಕಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ, ನಾನೂ ನಗುತ್ತೇನೆ. ನಮ್ಮ ಸುತ್ತಲೂ ಸಾವಿರಾರು ಬಗೆಯ ಭಾರತೀಯರಿರುವಾಗ ತೆರೆಯ ಮೇಲೆ ಆ ತರಗತಿಯಲ್ಲಿ ಕೂತ ಒಬ್ಬ ಸಿಖ್ಖ ರಂಜಿತ್ ಸಿಂಗ್ ನಮ್ಮ ಪರವಾಗಿ ಯಾರಿಗೂ ಏನನ್ನೂ ಹೇಳುತ್ತಿಲ್ಲ. ಬರ್ಮಿಂಗ್‌ಹ್ಯಾಮಿನ ಶಾಲೆಯಲ್ಲಿ ಪೇಟ ಸುತ್ತಿದ ಏಕೈಕ ಹುಡುಗನ ಪಾಲಿಗೆ ಅವನೇ ಗುರುತಿನ ಚೀಟಿ.

ಅಜೇರಿಯಾ 2020ರ ಜನವರಿಯಲ್ಲಿ ಅಪುವಿನ ದನಿಯನ್ನು ಬಿಟ್ಟ, ಮರುವರ್ಷ ಭಾರತೀಯರ ಕ್ಷಮೆಯನ್ನೂ ಕೇಳಿದ. ಆಗ ಬ್ರಿಟನ್ನಿನ ಹಿರಿಯ ಹಾಸ್ಯನಟ ಜಾನ್ ಕ್ಲೀಸ್, ಹಾಗಾದರೆ ಬಿಳಿಯ ಇಂಗ್ಲಿಷರನ್ನು ಗೇಲಿ ಮಾಡಿದ್ದಕ್ಕೆ ತಮ್ಮ ಹಾಸ್ಯ ತಂಡದ ಪರವಾಗಿ ತಾನೂ ಕ್ಷಮೆ ಕೇಳುತ್ತೇನೆಂದು ವ್ಯಂಗ್ಯವಾಡಿದರು. ಈ ವಾದವನ್ನು ನಾವೆಲ್ಲ ಬೇರೆ ಬೇರೆ ರೂಪದಲ್ಲಿ ಕೇಳಿದ್ದೇವೆ. ಅದೇ ಸಿಂಪ್ಸನ್ಸ್‌ನಲ್ಲಿ ಶಾಲೆಯ ತೋಟ ನೋಡಿಕೊಳ್ಳುವ, ಕೆಂಪು ಗಡ್ಡದ, ಸದಾ ಸಿಡುಕುವ ಸ್ಕಾಟಿಷ್ ವಿಲ್ಲಿ ಇದ್ದಾನೆ, ಇಟಾಲಿಯನ್ ಹೋಟೆಲಿನ ಲುಯಿಜಿ ಇದ್ದಾನೆ. ಅವರಿಗೆ ದನಿ ಕೊಡುವವರು ಸ್ಕಾಟಿಷರೂ ಅಲ್ಲ, ಇಟಲಿಯವರೂ ಅಲ್ಲ, ಆದರೂ ಯಾರೂ ಗಲಾಟೆ ಮಾಡುವುದಿಲ್ಲ. ಕಪ್ಪುವರ್ಣೀಯರಾದ ವೇಯನ್ಸ್ ಸೋದರರು 2004ರಲ್ಲಿ ಬಿಳಿಯ ಹುಡುಗಿಯರ ವೇಷ ಹಾಕಿ ಇಡೀ ಸಿನಿಮಾ ಮಾಡಿದರೆ ಅದು ತಮಾಷೆ, ಬಿಳಿಯ ನಟ ಅದರ ಹತ್ತರಲ್ಲೊಂದು ಭಾಗ ಮಾಡಿದರೂ ಅವನ ವೃತ್ತಿಜೀವನ ಮುಗಿಯಿತು, ಇದು ಇಬ್ಬಗೆಯ ನೀತಿಯಲ್ಲವೇ ಎಂಬುದು ಹೀಗೆ ವಾದಿಸುವವರ ಪ್ರಶ್ನೆ.

ಹೌದು, ಅಳತೆಗಳು ಎರಡಿವೆ. ಆದರೆ ಆ ಎರಡು ಅಳತೆಗಳನ್ನು ಮೊದಲು ತಂದವರು ದೂರುವವರಲ್ಲ. ವಿಲ್ಲಿಯ ಆಚೆಗೆ ಸ್ಕಾಟ್ಲೆಂಡಿನವರು ತೆರೆಯ ಮೇಲೆ ರಾಜರಾಗಿ, ಪತ್ತೇದಾರರಾಗಿ, ಪ್ರೇಮಿಗಳಾಗಿ, ಕೊನೆಗೆ ಜೇಮ್ಸ್ ಬಾಂಡ್ ಆಗಿಯೂ ಕಾಣಿಸಿಕೊಂಡಿದ್ದಾರೆ. 1990ರಲ್ಲಿ ಅಮೆರಿಕದ ಟಿವಿಯಲ್ಲಿ ವಾರವಾರವೂ ಕಾಣುವ ಭಾರತೀಯನನ್ನು ಹುಡುಕಿದರೆ ಸಿಗುತ್ತಿದ್ದವನು ಅಪು ಒಬ್ಬನೇ. ಅದಕ್ಕೆ ನಾಲ್ಕು ವರ್ಷ ಹಿಂದೆ ‘ಷಾರ್ಟ್ ಸರ್ಕ್ಯೂಟ್’ ಎಂಬ ರೋಬೋ ಚಿತ್ರದಲ್ಲಿ ಭಾರತೀಯ ವಿಜ್ಞಾನಿಯ ಪಾತ್ರವಿತ್ತು. ಅದನ್ನೂ ಫಿಷರ್ ಸ್ಟೀವನ್ಸ್ ಎಂಬ ಬಿಳಿಯ ನಟ ಬಣ್ಣ ಬಳಿದುಕೊಂಡೇ ಮಾಡಿದ. ವೇಯನ್ಸ್ ಸೋದರರ ವೇಷದಿಂದ ಒಬ್ಬ ಬಿಳಿಯ ನಟಿಯೂ ಕೆಲಸ ಕಳೆದುಕೊಳ್ಳಲಿಲ್ಲ, ಒಬ್ಬ ಬಿಳಿಯ ಹುಡುಗಿಯೂ ಮರುದಿನ ಕಾಲೇಜಿಗೆ ಹೋಗಲು ಅಂಜಲಿಲ್ಲ. ಒಂದು ಜೋಕಿನ ಭಾರವನ್ನು ಆ ಜೋಕಿನಿಂದ ಮಾತ್ರ ಅಳೆಯಲಾಗದು, ಅದರ ಪಕ್ಕದಲ್ಲಿ ಆ ಜನರ ಬೇರೆ ಚಿತ್ರಗಳು ಎಷ್ಟಿವೆ ಎಂಬುದರಿಂದ ಅಳೆಯಬೇಕು. ನಾನು ಈ ಪ್ರಶ್ನೆಯಲ್ಲಿ ನೆಚ್ಚಿಕೊಂಡಿರುವುದು ಇದೊಂದೇ ಮಾನದಂಡವನ್ನು.

ಅಮೆರಿಕದ ಕಪ್ಪುವರ್ಣೀಯರ ಮಟ್ಟಿಗೆ ಈ ಲೆಕ್ಕ ಇನ್ನೂ ಹಳೆಯದು, ಇನ್ನೂ ಕ್ರೂರವಾದದ್ದು. 1830ರ ಆಸುಪಾಸಿನಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು ‘ಜಿಮ್ ಕ್ರೋ’ ಎಂಬ ಕುಣಿತವನ್ನು ಜನಪ್ರಿಯಗೊಳಿಸಿದ. ಮುಂದೆ ದಕ್ಷಿಣದ ರಾಜ್ಯಗಳು ಕಪ್ಪುವರ್ಣೀಯರನ್ನು ಬೇರ್ಪಡಿಸಲು ಮಾಡಿದ ಕಾನೂನುಗಳಿಗೆ ಅದೇ ಹೆಸರು ಅಂಟಿತು. ಮಿನ್‌ಸ್ಟ್ರೆಲ್ ಪ್ರದರ್ಶನಗಳೆಂಬ ಈ ಮನರಂಜನೆ ಎಷ್ಟು ಬೇರೂರಿತ್ತೆಂದರೆ, ನಿಜವಾದ ಕಪ್ಪುವರ್ಣೀಯ ಕಲಾವಿದರೂ ರಂಗ ಏರಬೇಕಾದರೆ ಮುಖಕ್ಕೆ ಮಸಿ ಬಳಿದುಕೊಳ್ಳಬೇಕಿತ್ತು. ಬಹಾಮಾಸ್‌ನಲ್ಲಿ ಹುಟ್ಟಿದ ಬರ್ಟ್ ವಿಲಿಯಮ್ಸ್ 1910ರಲ್ಲಿ ನ್ಯೂಯಾರ್ಕಿನ ಸುಪ್ರಸಿದ್ಧ ಝೀಗ್‌ಫೆಲ್ಡ್ ಫಾಲೀಸ್ ಎಂಬ ರಂಗಪ್ರದರ್ಶನವನ್ನು ಸೇರಿದಾಗ ದೇಶದ ದೊಡ್ಡ ಹಾಸ್ಯನಟರಲ್ಲಿ ಒಬ್ಬನಾಗಿದ್ದ. ಅವನ ಮೈಬಣ್ಣ ಪ್ರೇಕ್ಷಕರ ಕಲ್ಪನೆಯ ಕಪ್ಪಿಗೆ ಸಾಲದೆಂಬಂತೆ ಅವನೂ ಸುಟ್ಟ ಬಿರಡೆಯ ಮಸಿ ಹಚ್ಚಿಕೊಂಡೇ ರಂಗಕ್ಕೆ ಬರುತ್ತಿದ್ದ. ಅಣಕಕ್ಕೊಳಗಾದವನೇ ತನ್ನ ಅಣಕದ ವೇಷ ತೊಟ್ಟರೆ ಮಾತ್ರ ಅವನಿಗೆ ಊಟ, ಆ ವೇಷದಲ್ಲಿ ಬಿಳಿಯ ನಟ ಬಂದರೆ ಅವನಿಗೆ ಕೀರ್ತಿ. ಬಿಬಿಸಿಯಂಥ ಗಂಭೀರ ಸಂಸ್ಥೆಯೂ ಮಸಿ ಬಳಿದುಕೊಂಡ ಬಿಳಿಯ ಗಾಯಕರ ಮಿನ್‌ಸ್ಟ್ರೆಲ್ ಕಾರ್ಯಕ್ರಮವೊಂದನ್ನು 1958ರಿಂದ 1978ರವರೆಗೆ ಪ್ರಸಾರ ಮಾಡಿತೆಂಬುದನ್ನು ನೆನೆದರೆ, ಇದು ಅಜ್ಜನ ಕಾಲದ ಕಥೆಯೆಂದು ತಳ್ಳಿಹಾಕುವುದು ಕಷ್ಟ.

ಇಲ್ಲಿ ‘ಏಮೋಸ್ ಅಂಡ್ ಆಂಡಿ’ಯ ಕಥೆ ನನ್ನನ್ನು ಬಹಳ ಕಾಡುತ್ತದೆ. 1928ರಲ್ಲಿ ಇಬ್ಬರು ಬಿಳಿಯರು ಕಪ್ಪುವರ್ಣೀಯರ ದನಿಯನ್ನು ಅಣಕಿಸುತ್ತ ಆರಂಭಿಸಿದ ಈ ರೇಡಿಯೊ ಧಾರಾವಾಹಿ ದೇಶವನ್ನೇ ಮರುಳು ಮಾಡಿತು. 1951ರಲ್ಲಿ ಟಿವಿಗೆ ಬಂದಾಗ ಪಾತ್ರಗಳನ್ನು ಕಪ್ಪುವರ್ಣೀಯ ನಟರಿಗೇ ಕೊಟ್ಟರು. ಕಪ್ಪುವರ್ಣೀಯರ ಹಕ್ಕುಗಳ ಹಿರಿಯ ಸಂಸ್ಥೆಯಾದ ಎನ್‌ಎಎಸಿಪಿ ಪ್ರತಿಭಟಿಸಿತು, 1953ರಲ್ಲಿ ಹೊಸ ಕಂತುಗಳು ನಿಂತವು, 1966ರಲ್ಲಿ ಮರುಪ್ರಸಾರವೂ ನಿಂತಿತು. ಪ್ರತಿಭಟನೆ ನ್ಯಾಯವಾಗಿಯೇ ಇತ್ತು. ಆದರೆ ವಾಹಿನಿಗಳು ಅದರಿಂದ ಕಲಿತ ಪಾಠ ಕಪ್ಪುವರ್ಣೀಯರ ಕುರಿತು ಒಳ್ಳೆಯ ಕಥೆ ಬರೆಯಬೇಕು ಎಂಬುದಲ್ಲ, ಅವರ ಸಹವಾಸವೇ ಬೇಡ ಎಂಬುದು. ಡಯಾಹ್ಯಾನ್ ಕ್ಯಾರಲ್ ನರ್ಸ್ ಆಗಿ ನಟಿಸಿದ ‘ಜೂಲಿಯಾ’ 1968ರಲ್ಲಿ ಬರುವವರೆಗೆ ಕಪ್ಪುವರ್ಣೀಯರನ್ನು ಕೇಂದ್ರದಲ್ಲಿಟ್ಟ, ಹೇಳಿಕೊಳ್ಳುವಂಥ ಹಾಸ್ಯ ಧಾರಾವಾಹಿ ಅಲ್ಲಿ ಬರಲಿಲ್ಲ.

ಅಪುವಿಗೆ ಆದದ್ದೂ ಇದೇ. ಅಜೇರಿಯಾ ಬಿಟ್ಟ ಮೇಲೆ ಅವನಿಗೆ ಭಾರತೀಯ ಮೂಲದ ಕಂಠ ಕೊಡಬಹುದಿತ್ತು, ಅಪುವಿನ ಸೋದರನ ಮಗನ ಪಾತ್ರಕ್ಕೆ ಉತ್ಕರ್ಷ್ ಅಂಬೂಡ್ಕರ್ 2016ರಲ್ಲಿಯೇ ದನಿ ಕೊಟ್ಟಿದ್ದರು. ಬಿಳಿಯೇತರ ಪಾತ್ರಗಳಿಗೆ ಇನ್ನು ಮುಂದೆ ಬಿಳಿಯ ನಟರ ದನಿ ಬಳಸುವುದಿಲ್ಲವೆಂದು 2020ರ ಜೂನ್‌ನಲ್ಲಿ ಧಾರಾವಾಹಿ ಘೋಷಿಸಿದ ಮೇಲೆ ಕಾರ್ಲ್, ಡಾಕ್ಟರ್ ಹಿಬರ್ಟ್ ಮೊದಲಾದ ಕಪ್ಪುವರ್ಣೀಯ ಪಾತ್ರಗಳಿಗೆ ಹೊಸ ದನಿಗಳು ಬಂದವು. ಅಪು ಮಾತ್ರ ಗುಂಪಿನ ನಡುವೆ ಆಗಾಗ ಸುಮ್ಮನೆ ನಿಂತಿರುತ್ತಾನೆ. ಭಾರತೀಯನ ದನಿಯನ್ನು ಅಣಕಿಸುವುದು ತಪ್ಪೆಂದು ಒಪ್ಪಿಕೊಂಡವರು ಭಾರತೀಯನ ಬಾಯನ್ನೇ ಮುಚ್ಚಿಸಿದರು. ಇದನ್ನು ಪ್ರಗತಿಯೆಂದು ಕರೆಯಲು ನನಗೆ ಮನಸ್ಸು ಬಾರದು. ಅದೇ 2020ರ ಬೇಸಿಗೆಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆಯಾಗಿ ದೇಶ ಹೊತ್ತಿ ಉರಿಯುತ್ತಿದ್ದಾಗ, ಸ್ಟ್ರೀಮಿಂಗ್ ಕಂಪನಿಗಳು ಹಳೆಯ ಹಾಸ್ಯ ಧಾರಾವಾಹಿಗಳ ಕಂತುಗಳನ್ನು ಅವಸರದಿಂದ ತೆಗೆದುಹಾಕಿದವು. ‘ದಿ ಗೋಲ್ಡನ್ ಗರ್ಲ್ಸ್’ನ ಇಬ್ಬರು ಮಹಿಳೆಯರು ಸೌಂದರ್ಯಕ್ಕೆಂದು ಮುಖಕ್ಕೆ ಮಣ್ಣಿನ ಲೇಪ ಹಚ್ಚಿಕೊಂಡಿರುವಾಗ ಕಪ್ಪುವರ್ಣೀಯ ಬೀಗರು ಎದುರಾಗಿ ಮುಜುಗರವಾಗುವ ಕಂತೂ ಆಗ ಮಾಯವಾಯಿತು. ಜನಾಂಗೀಯ ಅಂಜಿಕೆಯನ್ನೇ ಗೇಲಿ ಮಾಡಿದ ಕಂತದು! ಬರಹಗಾರರ ಕೋಣೆಗೆ ಹೊಸಬರನ್ನು ಕರೆತರುವುದಕ್ಕಿಂತ ಒಂದು ಕಂತನ್ನು ಅಳಿಸುವುದು ಅಗ್ಗ.

ಹೇಳುವ ಬಾಯಿ ಬದಲಾದರೆ ಜೋಕೂ ಬದಲಾಗುತ್ತದೆಯೇ? ಆಗುತ್ತದೆ, ಆದರೆ ಸದಾ ಅಲ್ಲ. 1960ರಲ್ಲಿ ಸೆಲ್ಲರ್ಸ್ ಭಾರತೀಯ ವೈದ್ಯನ ದನಿಯಲ್ಲಿ ಸೋಫಿಯಾ ಲೊರೆನ್ ಜೊತೆ ಹಾಡಿದ ಹಾಡಿನ ಹೆಸರನ್ನೇ ಕಸಿದುಕೊಂಡು, ಬ್ರಿಟನ್ನಿನ ಭಾರತೀಯ ಮೂಲದ ಮೀರಾ ಸ್ಯಾಲ್, ಸಂಜೀವ್ ಭಾಸ್ಕರ್ ಮೊದಲಾದವರು 1998ರಲ್ಲಿ ಬಿಬಿಸಿ ಟಿವಿಯಲ್ಲಿ ‘ಗುಡ್ನೆಸ್ ಗ್ರೇಷಿಯಸ್ ಮಿ’ ಎಂಬ ಹಾಸ್ಯ ಕಾರ್ಯಕ್ರಮ ನಡೆಸಿದರು. ಕುಡಿದ ಭಾರತೀಯರ ಗುಂಪೊಂದು ಮುಂಬೈಯ ‘ಇಂಗ್ಲಿಷ್ ಹೋಟೆಲಿಗೆ’ ನುಗ್ಗಿ, ಮಾಣಿಯ ಹೆಸರನ್ನು ತಪ್ಪುತಪ್ಪಾಗಿ ಕರೆಯುತ್ತ, ಇರುವುದರಲ್ಲೇ ಸಪ್ಪೆಯಾದದ್ದನ್ನು ತಾ ಎಂದು ಅಬ್ಬರಿಸುವ ಅದರ ಪ್ರಸಂಗ ಹಾಸ್ಯ ಹೇಗೆ ತಿರುಗಿಬೀಳಬಹುದೆಂಬುದಕ್ಕೆ ಇಂದಿಗೂ ನನ್ನ ಮೆಚ್ಚಿನ ಉದಾಹರಣೆ. ಕೆನಡಾದ ರಸೆಲ್ ಪೀಟರ್ಸ್ ಕೂಡ ಭಾರತೀಯ ಮೂಲದವರೇ, ಅಪ್ಪನ ಇಂಗ್ಲಿಷನ್ನು ಅನುಕರಿಸಿ ಕ್ರೀಡಾಂಗಣಗಳನ್ನು ತುಂಬಿಸಿದವರು. ಅವರ ಹಲವು ಜೋಕುಗಳಲ್ಲಿ ನನಗೆ ಹಳೆಯ ಅಪುವೇ ಕೇಳಿಸುತ್ತಾನೆ, ಚರ್ಮ ಮಾತ್ರ ಬೇರೆ. ತನ್ನವರನ್ನು ತಾನೇ ಗೇಲಿ ಮಾಡುವ ಪರವಾನಗಿಯ ಮಿತಿಯನ್ನು ಚೆನ್ನಾಗಿ ಅರಿತವರು ಅಮೆರಿಕದ ಕಪ್ಪುವರ್ಣೀಯ ಹಾಸ್ಯಗಾರ ಡೇವ್ ಷಪೆಲ್. ಕಪ್ಪುವರ್ಣೀಯರ ಪಡಿಯಚ್ಚನ್ನು ಲೇವಡಿ ಮಾಡಲೆಂದೇ ಮಸಿ ಬಳಿದುಕೊಂಡು ಒಂದು ಪ್ರಸಂಗವನ್ನು ಚಿತ್ರೀಕರಿಸುತ್ತಿದ್ದಾಗ, ಸೆಟ್ಟಿನಲ್ಲಿದ್ದ ಒಬ್ಬ ಬಿಳಿಯ ನಕ್ಕ ಬಗೆ ಅವರಿಗೆ ಸರಿಬರಲಿಲ್ಲ. 2005ರಲ್ಲಿ ಅವರು ಕೋಟ್ಯಂತರ ಡಾಲರಿನ ಒಪ್ಪಂದವನ್ನು ಬಿಟ್ಟು ಹೊರನಡೆದರು. ಜೋಕು ಬರೆದವನ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ನಗುವವರು ಯಾವುದಕ್ಕೆ ನಗುತ್ತಿದ್ದಾರೆಂಬುದು ಅವನ ಕೈಯಲ್ಲಿಲ್ಲ.

ಅಪುವಿನ ಸುದ್ದಿಗೆ ತಲೆದೂಗಿದ ನಮ್ಮ ದೇಶದ ಮನರಂಜನೆ ಈ ಮಾನದಂಡದಲ್ಲಿ ಎಲ್ಲಿ ನಿಲ್ಲುತ್ತದೆ? 2016ರಲ್ಲಿ ನಟಿ ತನಿಷ್ಠಾ ಚಟರ್ಜಿ ತಮ್ಮ ಚಿತ್ರದ ಪ್ರಚಾರಕ್ಕೆಂದು ಹಿಂದಿಯ ಕಾಮಿಡಿ ಷೋ ಒಂದಕ್ಕೆ ಹೋದಾಗ, ಚಿಕ್ಕಂದಿನಿಂದ ಎಷ್ಟು ನೇರಳೆ ಹಣ್ಣು ತಿಂದಿರಿ ಎಂಬಂಥ ಮೈಬಣ್ಣದ ಜೋಕುಗಳನ್ನೇ ಅವರ ಮೇಲೆ ಸುರಿದರು. ಅವರು ಎದ್ದು ಹೊರಬಂದು ಅದನ್ನು ಬಹಿರಂಗವಾಗಿ ಬರೆದ ಮೇಲೆ ವಾಹಿನಿ ಕ್ಷಮೆ ಕೇಳಿತು. 2020ರಲ್ಲಿ ಫ್ಲಾಯ್ಡ್ ಪರವಾಗಿ ಚಿತ್ರರಂಗದ ಮಂದಿ ಸಾಮಾಜಿಕ ಜಾಲತಾಣಗಳಲ್ಲಿ ಕಪ್ಪು ಚೌಕಗಳನ್ನು ಹಂಚಿಕೊಂಡ ಕೆಲವೇ ತಿಂಗಳಲ್ಲಿ, ನಾಯಕಿಯ ಬಿಳುಪನ್ನು ಕಂಡು ಅಮೆರಿಕದ ಕಪ್ಪುವರ್ಣೀಯ ಗಾಯಕಿ ಬಿಯಾನ್ಸೆ ನಾಚುತ್ತಾಳೆ ಎಂಬ ಹಿಂದಿ ಹಾಡು ಬಂತು, ಗದ್ದಲವಾದ ಮೇಲೆ ಹೆಸರು ತಿದ್ದಿದರು. 2021ರಲ್ಲಿ ಡ್ಯಾನ್ಸ್ ರಿಯಾಲಿಟಿ ಷೋದ ನಿರೂಪಕನೊಬ್ಬ ಗುವಾಹಟಿಯಿಂದ ಬಂದ ಪುಟ್ಟ ಹುಡುಗಿಯನ್ನು ಮೋಮೊ, ಚೌಮೀನ್ ಎಂದು ಚೀನೀ ಭಾಷೆಯ ಅಣಕದೊಂದಿಗೆ ವೇದಿಕೆಗೆ ಕರೆದ. ಅದನ್ನು ಅಸ್ಸಾಮಿನ ಮುಖ್ಯಮಂತ್ರಿಯೇ ಖಂಡಿಸಬೇಕಾಯಿತು.

ಕನ್ನಡದವರಾದ ನಾವು ಹಿಂದಿಯವರತ್ತ ಬೆರಳು ತೋರಿಸಿ ಪಾರಾಗುವಂತಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ಶತಮಾನಗಳಿಂದ ಬಾಳುತ್ತಿದ್ದಾರೆ. ಹೆಗ್ಗೋಡಿನ ನೀನಾಸಂನಲ್ಲಿ ತರಬೇತಿ ಪಡೆದ ಪ್ರಶಾಂತ್ ಸಿದ್ದಿಯವರಂಥ ಸಮರ್ಥ ನಟ ನಮ್ಮ ಸಿನಿಮಾದಲ್ಲಿದ್ದಾರೆ. ಹಾಗಿದ್ದೂ ಆ ಮೈಕಟ್ಟಿನ, ಆ ಕೂದಲಿನ ನಟನನ್ನು ಕಂಡ ಕೂಡಲೇ ನಮ್ಮ ಸಂಭಾಷಣೆಕಾರರಿಗೆ ಮೊದಲು ಹೊಳೆಯುವುದು ಬಣ್ಣದ ಮಾತೇ. ಆಫ್ರಿಕಾದವರು ಕಾಣಿಸಿದರೆ ಅವರು ಮಾದಕ ವಸ್ತು ಮಾರುವವರು, ಇಲ್ಲವೇ ನಾಯಕನಿಂದ ಒದೆ ತಿನ್ನುವ ರೌಡಿಗಳು.

ಆದರೆ ನಮ್ಮ ಅಪ್ಪಟ ಅಪು ಬೇರೆಯೇ ಇದ್ದಾನೆ, ಅವನು ‘ಶಾಬ್’ ಎನ್ನುವ ಗೂರ್ಖಾ. ಟೋಪಿ, ಸೀಟಿ, ಲಾಠಿ, ಒಡಕು ಕನ್ನಡ, ಇಷ್ಟರಲ್ಲಿ ಪಾತ್ರ ಮುಗಿಯಿತು. ಅದನ್ನು ಆಡುವವರೂ ಕಣ್ಣು ಕಿರಿದು ಮಾಡಿಕೊಂಡ ನಮ್ಮವರೇ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಿಂದ ಹಿಡಿದು ದರ್ಶಿನಿಯ ಅಡುಗೆಮನೆಯವರೆಗೆ ನೇಪಾಳದಿಂದ ಬಂದವರು ದುಡಿಯುತ್ತಿದ್ದಾರೆ, ಅವರ ಮಕ್ಕಳು ಸರ್ಕಾರಿ ಶಾಲೆಗಳಲ್ಲಿ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಕನ್ನಡ ಓದುತ್ತಿದ್ದಾರೆ. ಆದರೆ ಪ್ರೀತಿಸುವ, ಸಾಲ ತೀರಿಸುವ, ಯಾರನ್ನಾದರೂ ತಿರುಗಿ ಗೇಲಿ ಮಾಡುವ ಒಬ್ಬ ನೇಪಾಳಿಯನ್ನು ನಾನು ಕನ್ನಡದ ಯಾವ ಧಾರಾವಾಹಿಯಲ್ಲಿಯೂ ಇದುವರೆಗೆ ಕಂಡಿಲ್ಲ. ಆ ಮಕ್ಕಳಲ್ಲಿ ಒಬ್ಬರು ನಾಳೆ ನಮ್ಮ ಕಾಮಿಡಿ ರಿಯಾಲಿಟಿ ಷೋ ಒಂದರ ಆಡಿಷನ್‌ಗೆ ಬಂದು, ಅಚ್ಚ ಕನ್ನಡದಲ್ಲಿ ಕುವೆಂಪು ಪದ್ಯ ಹೇಳಿ ಆಯ್ಕೆಯಾದರೆಂದೇ ಇಟ್ಟುಕೊಳ್ಳೋಣ. ಮೊದಲ ಸ್ಕಿಟ್ಟಿಗೆ ಅವರ ಕೈಗೆ ಕೊಡುವುದು ಸೀಟಿ ಮತ್ತು ಲಾಠಿಯನ್ನೇ ಎಂದು ನಾನು ಪಂಥ ಕಟ್ಟಬಲ್ಲೆ.